ಊರ ನಡುವಿನ ಹೆದ್ದಾರಿ: ನಡೆಯುವವರಿಗೂ ಸೈಕಲ್ಲಿನವರಿಗೂ ಎಡೆ ಮಾಡುವ ಬಗೆ



ಊರಿಗೆ ಒಳ್ಳೆಯ ರಸ್ತೆ ಬಂದರೆ ಬೆಳೆದ ಮಾಲು ಬೇಗ ಪೇಟೆ ಸೇರುತ್ತದೆ. ಬೀಜ ಗೊಬ್ಬರದ ಲಾರಿ ಹೊಲದ ಹತ್ತಿರಕ್ಕೆ ಬರುತ್ತದೆ. ಹೆರಿಗೆಯ ನೋವು ಕಾಣಿಸಿಕೊಂಡ ಹೆಣ್ಣುಮಗಳು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟುತ್ತಾಳೆ. ಆದುದರಿಂದ ರಸ್ತೆ ಬೇಡವೆಂದು ಯಾರೂ ಹೇಳರು. ಆದರೆ ಅದೇ ರಸ್ತೆ ಅಗಲವಾಗಿ, ನುಣುಪಾಗಿ, ನೆಟ್ಟಗೆ ಊರಿನ ನಡುವೆಯೇ ಹಾದುಹೋದಾಗ ಊರು ಎರಡು ಹೋಳಾಗುತ್ತದೆ. ಈ ಕಡೆ ಮನೆ, ಆ ಕಡೆ ಶಾಲೆ. ಈ ಕಡೆ ಕೊಟ್ಟಿಗೆ, ಆ ಕಡೆ ಹಾಲಿನ ಡೈರಿ. ಈ ಕಡೆ ಬಸ್ಸು ಇಳಿಯುವ ಜಾಗ, ಆ ಕಡೆ ನ್ಯಾಯಬೆಲೆ ಅಂಗಡಿ. ಮುದುಕರು, ಮಕ್ಕಳು, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವರು, ದನ ಹೊಡೆದುಕೊಂಡು ಹೋಗುವವರು, ಎಲ್ಲರೂ ದಿನಕ್ಕೆ ನಾಲ್ಕಾರು ಸಲ ಈ ರಸ್ತೆಯನ್ನು ದಾಟಲೇಬೇಕು.

೨೦೨೨ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇವರಲ್ಲಿ ೩೨,೮೨೫ ಮಂದಿ ನಡೆದು ಹೋಗುತ್ತಿದ್ದವರು. ಅಂದರೆ ದಿನಕ್ಕೆ ಸುಮಾರು ೯೦ ಜನ. ಇವರು ಯಾವ ವಾಹನವನ್ನೂ ನಡೆಸುತ್ತಿರಲಿಲ್ಲ, ಯಾರ ಮೇಲೂ ಹಾಯಿಸಲಿಲ್ಲ. "ಹಣೆಬರಹ" ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಬೆಳೆಗೆ ರೋಗ ಬಿದ್ದರೆ ಹಣೆಬರಹವೆಂದು ಕೈಕಟ್ಟಿ ಕೂರುವ ಕಾಲ ಹೋಯಿತು. ರೋಗದ ಕಾರಣ ಹುಡುಕಿ ಮದ್ದು ಮಾಡುತ್ತೇವೆ. ರಸ್ತೆಯ ಸಾವಿಗೂ ಕಾರಣ ಉಂಟು, ಮದ್ದೂ ಉಂಟು. ಅದನ್ನೇ ಈ ಪಾಠದಲ್ಲಿ ತಿಳಿಯೋಣ.

೧. ವೇಗದ ಪೆಟ್ಟು ಎಷ್ಟು?

ವಾಹನದ ವೇಗ ಎರಡರಷ್ಟಾದರೆ ಅದು ಕೊಡುವ ಪೆಟ್ಟು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಇದನ್ನು ಹೀಗೆ ತಿಳಿಯಬಹುದು. ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಬಂದ ಕಾರು ಬಡಿದರೆ ಸುಮಾರು ೧೨ ಅಡಿ ಎತ್ತರದಿಂದ, ಅಂದರೆ ಮನೆಯ ಮಾಳಿಗೆಯಿಂದ ಬಿದ್ದಷ್ಟು ಪೆಟ್ಟು. ಕೈಕಾಲು ಮುರಿದರೂ ಜೀವ ಉಳಿಯುವ ಸಂಭವ ಹೆಚ್ಚು. ಅದೇ ಕಾರು ೬೦ರ ವೇಗದಲ್ಲಿ ಬಡಿದರೆ ಸುಮಾರು ೪೬ ಅಡಿ ಎತ್ತರದಿಂದ, ಅಂದರೆ ಎತ್ತರದ ತೆಂಗಿನ ಮರದ ತುದಿಯಿಂದ ಬಿದ್ದಷ್ಟು ಪೆಟ್ಟು. ಅಲ್ಲಿಂದ ಬಿದ್ದವರಲ್ಲಿ ಬದುಕುವವರು ಎಷ್ಟು ಮಂದಿ ಎಂಬುದು ನಿಮಗೇ ಗೊತ್ತು.

ಇನ್ನೊಂದು ಮಾತು. ಮಗು ರಸ್ತೆಗೆ ಓಡಿ ಬಂದದ್ದು ಚಾಲಕನ ಕಣ್ಣಿಗೆ ಬಿದ್ದು, ಅವನ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳಿ. ೩೦ರ ವೇಗದಲ್ಲಿ ಅಷ್ಟರೊಳಗೆ ಕಾರು ೧೨ ಮೀಟರ್ ಮುಂದೆ ಬಂದಿರುತ್ತದೆ. ಬ್ರೇಕು ಹಿಡಿದ ಮೇಲೆ ಇನ್ನು ೫ ಮೀಟರಿನಲ್ಲಿ ನಿಲ್ಲುತ್ತದೆ. ೬೦ರ ವೇಗದಲ್ಲಿಯಾದರೆ ಬ್ರೇಕು ಹಿಡಿಯುವ ಮೊದಲೇ ೨೫ ಮೀಟರ್ ಬಂದಿರುತ್ತದೆ. ನಿಲ್ಲುವುದಕ್ಕೆ ಇನ್ನೂ ೨೦ ಮೀಟರ್ ಬೇಕು. ಮಗು ೨೫ ಮೀಟರ್ ದೂರದಲ್ಲಿದ್ದರೆ ಮೊದಲನೆಯ ಕಾರು ಅದಕ್ಕಿಂತ ಮುಂಚೆಯೇ ನಿಂತಿರುತ್ತದೆ. ಎರಡನೆಯ ಕಾರು ಬ್ರೇಕು ಹಿಡಿಯುವ ಹೊತ್ತಿಗೆ ಮಗುವನ್ನು ಮುಟ್ಟಿರುತ್ತದೆ. ಇದು ಒಣಗಿದ ಒಳ್ಳೆಯ ರಸ್ತೆಯ ಲೆಕ್ಕ. ಮಳೆ ಬಿದ್ದಾಗ, ಹೇರು ತುಂಬಿದ ಲಾರಿಯಾದಾಗ, ಇನ್ನೂ ಹೆಚ್ಚು ದೂರ ಬೇಕು.

ಈ ಕಾರಣದಿಂದಲೇ ೨೦೨೦ರ ಫೆಬ್ರವರಿಯಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಸೇರಿದ ಹಲವು ದೇಶಗಳ ಪ್ರತಿನಿಧಿಗಳು, ನಡೆಯುವವರೂ ಸೈಕಲ್ಲಿನವರೂ ವಾಹನಗಳೊಡನೆ ಬೆರೆಯುವ ಕಡೆಗಳಲ್ಲಿ ವೇಗ ೩೦ ಕಿಲೋಮೀಟರ್ ಮೀರಬಾರದೆಂದು ಘೋಷಿಸಿದರು. ಊರ ನಡುವಿನ ರಸ್ತೆ ಇಂಥ ಕಡೆಯೇ ಅಲ್ಲವೇ?

೨. ಓಡುವ ನೀರು, ಓಡುವ ವಾಹನ

"ನಿಧಾನವಾಗಿ ಚಲಿಸಿ" ಎಂದು ಫಲಕ ನೆಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಇಳಿಜಾರು ಹೊಲದಲ್ಲಿ "ನೀರೇ, ಮೆಲ್ಲಗೆ ಹರಿ" ಎಂದು ಹಲಗೆ ನೆಟ್ಟರೆ ಮಣ್ಣು ಕೊಚ್ಚಿಹೋಗುವುದು ನಿಲ್ಲುತ್ತದೆಯೇ? ನಾವು ಏನು ಮಾಡುತ್ತೇವೆ? ಅಡ್ಡಲಾಗಿ ಬದು ಹಾಕುತ್ತೇವೆ, ಇಳಿಜಾರನ್ನು ಮುರಿಯುತ್ತೇವೆ, ಹೆಚ್ಚಾದ ನೀರಿಗೆ ಕೋಡಿ ಬಿಡುತ್ತೇವೆ. ಓಡುವ ನೀರು ನಡೆಯುವಂತೆ ಮಾಡುವುದೇ ಮಣ್ಣು ಸಂರಕ್ಷಣೆಯ ಗುಟ್ಟು.

ರಸ್ತೆಯ ಗುಟ್ಟೂ ಇದೇ. ಅಗಲವಾದ, ನೆಟ್ಟಗಿನ, ಅಡೆತಡೆಯಿಲ್ಲದ ರಸ್ತೆ "ಓಡು" ಎಂದು ಚಾಲಕನಿಗೆ ಹೇಳುತ್ತದೆ. ಕಿರಿದಾದ, ಅಂಚು ಸ್ಪಷ್ಟವಾಗಿ ಕಾಣುವ, ಮರಗಳ ಸಾಲಿರುವ, ನಡುವೆ ದಿಣ್ಣೆಯಿರುವ ರಸ್ತೆ "ಇಲ್ಲಿ ಜನ ಇದ್ದಾರೆ, ಮೆಲ್ಲಗೆ ಹೋಗು" ಎಂದು ಹೇಳುತ್ತದೆ. ಫಲಕದ ಮಾತಿಗಿಂತ ರಸ್ತೆಯ ಮಾತನ್ನೇ ಚಾಲಕ ಹೆಚ್ಚಾಗಿ ಕೇಳುತ್ತಾನೆ.

೩. ಡೆನ್ಮಾರ್ಕಿನ ಮೂರು ಊರುಗಳು

ಹಾಲಿನ ಸಹಕಾರ ಸಂಘಗಳಿಗೆ ಹೆಸರಾದ ಡೆನ್ಮಾರ್ಕ್ ದೇಶದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿಯೂ ಸಣ್ಣ ಊರುಗಳ ನಡುವೆಯೇ ಮುಖ್ಯ ರಸ್ತೆಗಳು ಹಾದುಹೋಗಿದ್ದವು. ಪ್ರತಿ ಊರಿಗೂ ಸುತ್ತುದಾರಿ, ಅಂದರೆ ಬೈಪಾಸು ಮಾಡಿಸುವುದು ದುಬಾರಿಯ ಕೆಲಸ. ಆದುದರಿಂದ ೧೯೮೦ರ ದಶಕದಲ್ಲಿ ಅಲ್ಲಿಯ ರಸ್ತೆ ಇಲಾಖೆ ವಿಂಡರುಪ್, ಸ್ಕೇರ್‌ಬೆಕ್, ಉಗರ್‌ಲೋಸೆ ಎಂಬ ಮೂರು ಊರುಗಳಲ್ಲಿ ಒಂದು ಪ್ರಯೋಗ ಮಾಡಿತು. ರಸ್ತೆಯನ್ನು ಊರ ಹೊರಕ್ಕೆ ಒಯ್ಯಲಿಲ್ಲ. ಇದ್ದ ರಸ್ತೆಯನ್ನೇ ಊರಿಗೆ ತಕ್ಕಂತೆ ತಿದ್ದಿತು.

ಊರು ಮೊದಲಾಗುವ ಕಡೆ ಬಾಗಿಲಿನಂಥ ಗುರುತು ಮಾಡಿದರು. ವಾಹನಗಳ ಪಟ್ಟಿಯನ್ನು ಕಿರಿದು ಮಾಡಿದರು. ಸೈಕಲ್ಲಿಗೆ ಬೇರೆ ಜಾಗ ಬಿಟ್ಟರು. ದಾಟುವ ಕಡೆ ನಡುವೆ ನಿಲ್ಲಲು ದಿಣ್ಣೆ ಕಟ್ಟಿದರು, ಮರ ನೆಟ್ಟರು. ವಾಹನಗಳ ವೇಗ ಇಳಿಯಿತು. ದೂರದ ಲಾರಿಗಳು ಮೊದಲಿನಂತೆಯೇ ಹಾದುಹೋದವು, ಆದರೆ ಊರು ಮತ್ತೆ ಊರಾಯಿತು. ಆಮೇಲೆ ಆ ದೇಶದ ಬೇರೆ ಊರುಗಳೂ ಈ ಪದ್ಧತಿಯನ್ನು ಹಿಡಿದವು.

ನಮ್ಮ ಹವೆ ಬೇರೆ, ನಮ್ಮ ರಸ್ತೆಯ ಮೇಲೆ ಎತ್ತಿನ ಗಾಡಿಯೂ ಇದೆ, ದನವೂ ಇದೆ. ಹೊರಗಿನ ತಳಿಯನ್ನು ತಂದರೂ ನಮ್ಮ ಮಣ್ಣಿಗೆ ಹೊಂದಿಸಿಯೇ ಬಿತ್ತಬೇಕು. ಈ ಪದ್ಧತಿಯನ್ನೂ ಹಾಗೆಯೇ ಹೊಂದಿಸಿಕೊಳ್ಳಬೇಕು.

೪. ರಸ್ತೆಯನ್ನು ಹಂಚುವ ಲೆಕ್ಕ

ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಎಲ್ಲರಿಗೂ ಪಾಲು ಇಡುತ್ತಾರೆ. ರಸ್ತೆಯನ್ನು ಮಾತ್ರ ಪೂರ್ತಿಯಾಗಿ ಮೋಟಾರಿಗೆ ಬರೆದುಕೊಟ್ಟಿದ್ದೇವೆ. ನಡೆಯುವವರ ಪಾಲಿಗೆ ಉಳಿದದ್ದು ಚರಂಡಿಯ ಅಂಚು.

ಒಂದು ಊರಿನಲ್ಲಿ ಎರಡು ಕಡೆಯ ಮನೆಗಳ ನಡುವೆ ರಸ್ತೆಯ ಜಾಗ ೧೮ ಮೀಟರ್ ಇದೆ ಎಂದು ಇಟ್ಟುಕೊಳ್ಳೋಣ. ಅದನ್ನು ಹೀಗೆ ಹಂಚಬಹುದು:

ವಾಹನಗಳಿಗೆ, ಹೋಗುವ ಬರುವ ಎರಡು ಪಟ್ಟಿ ಸೇರಿ: ೬.೫ ಮೀಟರ್.
ಸೈಕಲ್ಲಿಗೆ, ಪ್ರತಿ ಕಡೆ ೨ ಮೀಟರಿನಂತೆ: ೪ ಮೀಟರ್.
ನಡೆಯುವವರಿಗೆ, ಪ್ರತಿ ಕಡೆ ೨ ಮೀಟರಿನಂತೆ: ೪ ಮೀಟರ್.
ಮರ, ದೀಪದ ಕಂಬ, ಬಂಡಿ ನಿಲ್ಲಿಸುವ ಜಾಗಕ್ಕೆ, ಪ್ರತಿ ಕಡೆ ೧.೭೫ ಮೀಟರಿನಂತೆ: ೩.೫ ಮೀಟರ್.
ಒಟ್ಟು ೧೮ ಮೀಟರ್.

ಎರಡು ಬಸ್ಸುಗಳು ಮೆಲ್ಲಗೆ ಎದುರುಬದುರಾಗಿ ಹೋಗಲು ೬.೫ ಮೀಟರ್ ಸಾಕು. ಪಂದ್ಯ ಹೂಡಿ ಮುಂದಕ್ಕೆ ನುಗ್ಗಲು ಸಾಲದು. ನಮಗೆ ಬೇಕಾದುದೂ ಅದೇ. ಜಾಗ ಕಡಿಮೆಯಿದ್ದರೆ ಮೊದಲು ಬಂಡಿ ನಿಲ್ಲಿಸುವ ಜಾಗವನ್ನು ಕಡಿಮೆ ಮಾಡಬೇಕೇ ಹೊರತು ನಡೆಯುವವರ ಪಾಲನ್ನು ಅಲ್ಲ. ಇನ್ನೂ ಕಿರಿದಾಗಿದ್ದರೆ, ವಾಹನಗಳ ವೇಗವನ್ನು ೩೦ಕ್ಕೆ ಇಳಿಸಿ, ಸೈಕಲ್ಲು ವಾಹನಗಳೊಡನೆಯೇ ಹೋಗುವಂತೆ ಬಿಡಬಹುದು. ವೇಗ ಇಳಿಸದೆ ಒಟ್ಟಿಗೆ ಬಿಡುವುದು ಮಾತ್ರ ತಪ್ಪು.

ಕಾಲುದಾರಿಯ ಬಗ್ಗೆ ಇಂಡಿಯನ್ ರೋಡ್ ಕಾಂಗ್ರೆಸಿನ ನಿಯಮ ಸ್ಪಷ್ಟವಾಗಿದೆ. ಕಂಬ, ಪೆಟ್ಟಿಗೆ ಅಂಗಡಿ ಏನೂ ಅಡ್ಡವಿಲ್ಲದೆ ಕಡೆಯ ಪಕ್ಷ ೧.೮ ಮೀಟರ್, ಅಂದರೆ ಸುಮಾರು ೬ ಅಡಿ ಅಗಲ ಇರಬೇಕು. ಎತ್ತರ ೧೫ ಸೆಂಟಿಮೀಟರ್, ಅಂದರೆ ಅರ್ಧ ಅಡಿ ಮೀರಬಾರದು. ಮೀರಿದರೆ ಮೊಣಕಾಲು ನೋವಿನ ಅಜ್ಜಿ ಹತ್ತಲಾರದೆ ಮತ್ತೆ ರಸ್ತೆಗೇ ಇಳಿಯುತ್ತಾಳೆ. ಚರಂಡಿಯ ಮೇಲೆ ಗಟ್ಟಿಯಾದ ಚಪ್ಪಡಿ ಮುಚ್ಚಿ ಕಾಲುದಾರಿ ಮಾಡಿದರೆ ಜಾಗವೂ ಉಳಿಯುತ್ತದೆ, ಸೊಳ್ಳೆಯೂ ಕಡಿಮೆಯಾಗುತ್ತದೆ. ಹೂಳು ತೆಗೆಯಲು ಅಲ್ಲಲ್ಲಿ ಎತ್ತುವಂಥ ಚಪ್ಪಡಿ ಇಡುವುದನ್ನು ಮರೆಯಬಾರದು.

ಸೈಕಲ್ಲು ಬಡವರ ವಾಹನವೆಂದು ಅಸಡ್ಡೆ ಮಾಡಬಾರದು. ೨೦೦೬–೦೭ರಲ್ಲಿ ನಮ್ಮ ರಾಜ್ಯದ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಮೊದಲು ಮಾಡಿದಾಗ ಎಷ್ಟೋ ಹೆಣ್ಣುಮಕ್ಕಳಿಗೆ ಪ್ರೌಢಶಾಲೆ ಹತ್ತಿರವಾಯಿತು. ಸೈಕಲ್ಲು ಕೊಟ್ಟು ದಾರಿ ಕೊಡದಿದ್ದರೆ ನೇಗಿಲು ಕೊಟ್ಟು ಹೊಲ ಕೊಡದಂತೆ.

೫. ಊರ ಬಾಗಿಲು, ದಾಟುವ ಜಾಗ, ಬಸ್ಸು ನಿಲ್ಲುವ ಜಾಗ

ಊರ ಬಾಗಿಲು: ಊರಿನ ಎರಡೂ ತುದಿಗಳಲ್ಲಿ ರಸ್ತೆ ಕಿರಿದಾಗುವಂತೆ ಅಂಚುಗಲ್ಲು ಕಟ್ಟಿ, ಊರ ಹೆಸರಿನ ಫಲಕ, ವೇಗದ ಮಿತಿಯ ಫಲಕ, ದೀಪ ಇಡಬೇಕು. ಇಲ್ಲಿಂದ ಒಳಗೆ ಬೇರೆ ನಡತೆ ಎಂಬುದು ಚಾಲಕನ ಮನಸ್ಸಿಗೆ ನಾಟಬೇಕು.

ದಾಟುವ ಜಾಗ: ಜನ ಎಲ್ಲಿ ದಾಟುತ್ತಾರೋ ಅಲ್ಲಿಯೇ ಇದನ್ನು ಮಾಡಬೇಕು. ಶಾಲೆಯಿಂದ ಎರಡು ಫರ್ಲಾಂಗು ಆಚೆ ಬಿಳಿ ಪಟ್ಟೆ ಬಳಿದರೆ ಯಾವ ಮಗುವೂ ಅಲ್ಲಿಗೆ ಹೋಗದು. ದಾಟುವ ಜಾಗವನ್ನು ಕಾಲುದಾರಿಯ ಎತ್ತರಕ್ಕೆ ಎತ್ತಿ, ಎರಡು ಕಡೆಯೂ ಇಳಿಜಾರು ಕೊಟ್ಟರೆ ಜನ ಇಳಿದು ಹತ್ತಬೇಕಾಗಿಲ್ಲ, ವಾಹನವೇ ಹತ್ತಿ ಇಳಿಯುತ್ತದೆ. ರಸ್ತೆಯ ನಡುವೆ ೨ ಮೀಟರ್ ಅಗಲದ ದಿಣ್ಣೆ ಇದ್ದರೆ ಮೊದಲು ಬಲಗಡೆ ನೋಡಿ ಅರ್ಧ ದಾಟಿ, ನಿಂತು, ಆಮೇಲೆ ಎಡಗಡೆ ನೋಡಿ ಉಳಿದರ್ಧ ದಾಟಬಹುದು. ೨ ಮೀಟರ್ ಏಕೆಂದರೆ ಸೈಕಲ್ಲು ಹಿಡಿದವರೂ ಅಲ್ಲಿ ನಿಲ್ಲಬೇಕು. ಈ ಜಾಗವನ್ನು ಬಂಡಿ ನಿಲ್ಲಿಸುವ ಪಟ್ಟಿಯಿಂದ ತೆಗೆದುಕೊಳ್ಳಬಹುದು. ನಸುಕಿನಲ್ಲಿ ಡೈರಿಗೆ ಹೋಗುವವರಿಗಾಗಿ ಇಲ್ಲಿ ಒಳ್ಳೆಯ ಬೀದಿ ದೀಪ ಬೇಕು. ಹತ್ತಿರದಲ್ಲಿ ಪೆಟ್ಟಿಗೆ ಅಂಗಡಿಯಾಗಲಿ ನಿಂತ ಲಾರಿಯಾಗಲಿ ಕಣ್ಣಿಗೆ ಮರೆಯಾಗಬಾರದು.

ಬಸ್ಸು ನಿಲ್ಲುವ ಜಾಗ: ಬಸ್ಸು ದಾಟುವ ಜಾಗವನ್ನು ದಾಟಿದ ಮೇಲೆ ನಿಲ್ಲಬೇಕು. ಆಗ ಇಳಿದವರು ಬಸ್ಸಿನ ಹಿಂದಿನಿಂದ ದಾಟುತ್ತಾರೆ. ಬಸ್ಸಿನ ಮುಂದಿನಿಂದ ದಾಟಿದರೆ, ಬಸ್ಸನ್ನು ಹಿಂದೆ ಹಾಕಿ ಬರುವ ವಾಹನ ಅವರಿಗೂ ಕಾಣದು, ಅವರು ಅದಕ್ಕೂ ಕಾಣರು.

೬. ಉಬ್ಬು ಹಾಕುವಾಗ ಎಚ್ಚರ

ಅಪಘಾತವಾದ ಮರುದಿನ ಸಿಟ್ಟಿನಿಂದ ಕಲ್ಲು ಮಣ್ಣು ಸುರಿದು ಉಬ್ಬು ಮಾಡುವುದನ್ನು ಅಲ್ಲಲ್ಲಿ ಕಾಣುತ್ತೇವೆ. ಆ ಸಿಟ್ಟು ಅರ್ಥವಾಗುವಂಥದೇ. ಆದರೆ ಗುರುತಿಲ್ಲದ ಕಡಿದಾದ ಉಬ್ಬು ರಾತ್ರಿಯ ಹೊತ್ತು ಇನ್ನೊಬ್ಬರ ಮಗನನ್ನು ಮೋಟಾರ್ ಸೈಕಲ್ಲಿನಿಂದ ಕೆಡವುತ್ತದೆ. ಹಿಂದೆ ಕುಳಿತ ಹೆಂಗಸು ಎಸೆಯಲ್ಪಡುತ್ತಾಳೆ. ಒಂದು ಸಾವನ್ನು ತಡೆಯಲು ಇನ್ನೊಂದಕ್ಕೆ ದಾರಿ ಮಾಡಬಾರದು.

ಉಬ್ಬಿಗೂ ಅಳತೆ ಉಂಟು. ಇಂಡಿಯನ್ ರೋಡ್ ಕಾಂಗ್ರೆಸ್ ಹೇಳುವ ದುಂಡನೆಯ ಉಬ್ಬು ವಾಹನ ಹೋಗುವ ದಿಕ್ಕಿನಲ್ಲಿ ೩.೭ ಮೀಟರ್, ಅಂದರೆ ಸುಮಾರು ೧೨ ಅಡಿ ಹರಡಿರುತ್ತದೆ. ನಡುವೆ ಎತ್ತರ ೧೦ ಸೆಂಟಿಮೀಟರ್, ಅಂದರೆ ೪ ಅಂಗುಲ ಮಾತ್ರ. ಇದರ ಮೇಲೆ ೨೫ ಕಿಲೋಮೀಟರ್ ವೇಗದಲ್ಲಿ ಹೋದರೆ ತೊಂದರೆಯಿಲ್ಲ, ಹೆಚ್ಚಿನ ವೇಗದಲ್ಲಿ ಹೋದರೆ ಮೈ ಕುಲುಕುತ್ತದೆ. ಕಪ್ಪು ಬಿಳುಪು ಪಟ್ಟೆ ಬಳಿದಿರಬೇಕು. ೪೦ ಮೀಟರ್ ಮುಂಚೆಯೇ ಎಚ್ಚರಿಕೆಯ ಫಲಕವಿರಬೇಕು. ನೀರು ನಿಲ್ಲದಂತೆ ಅಂಚಿನಲ್ಲಿ ಎಡೆ ಬಿಡಬೇಕು. ರಾಷ್ಟ್ರೀಯ ಹೆದ್ದಾರಿಯ ಮೇಲೆ ಸಾಮಾನ್ಯವಾಗಿ ಉಬ್ಬು ಹಾಕಗೊಡುವುದಿಲ್ಲ. ಅಲ್ಲಿ ಕಿರಿದು ಮಾಡುವುದು, ನಡುವಿನ ದಿಣ್ಣೆ, ಸೇವಾ ರಸ್ತೆ, ಕೆಳಸೇತುವೆ ಮುಂತಾದ ಬೇರೆ ಉಪಾಯಗಳನ್ನು ಕೇಳಬೇಕು. ಯಾವ ಉಬ್ಬೇ ಆಗಲಿ, ರಸ್ತೆಯ ಇಲಾಖೆಯವರೇ ಹಾಕತಕ್ಕದ್ದು.

೭. ನಮ್ಮ ಕೈಯಲ್ಲೇ ಇರುವ ಕೆಲಸ

ಸುಗ್ಗಿಯಲ್ಲಿ ರಾಗಿಯ ತೆನೆ, ಹುರುಳಿ, ಅವರೆ, ತೊಗರಿಯ ಗಿಡಗಳನ್ನು ರಸ್ತೆಯ ಮೇಲೆ ಹಾಸುತ್ತೇವೆ. ಕಣ ಮಾಡಲು ಜಾಗವಿಲ್ಲ, ಆಳು ಸಿಕ್ಕುವುದಿಲ್ಲ, ಕೂಲಿ ಹೆಚ್ಚು. ಈ ಕಷ್ಟ ಸುಳ್ಳಲ್ಲ. ಆದರೆ ಹುರುಳಿಯ ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಸೈಕಲ್ಲು ಸ್ಕೂಟರುಗಳು ಜಾರುತ್ತವೆ, ಒಣ ಹುಲ್ಲು ಕಾರಿನ ಅಡಿಯಲ್ಲಿ ಸಿಕ್ಕಿ ಬೆಂಕಿ ಹತ್ತುವುದೂ ಉಂಟು. ಹಾಸಿದ ಬೆಳೆಯನ್ನು ತಪ್ಪಿಸಲು ವಾಹನ ಬಲಕ್ಕೆ ಹೊರಳಿ ಎದುರಿನವರ ಮೇಲೆ ಹೋಗುತ್ತದೆ. ಕಾಳು ತಿರುವಿಹಾಕುವ ಹೆಂಗಸರು ವಾಹನಕ್ಕೆ ಬೆನ್ನು ಮಾಡಿ ಬಗ್ಗಿರುತ್ತಾರೆ. ಕಾಳಿಗೂ ಕಲ್ಲು ಮಣ್ಣು ಸೇರಿ ಬೆಲೆ ಇಳಿಯುತ್ತದೆ. ಆದುದರಿಂದ ಊರಿಗೊಂದು ಸಾಮೂಹಿಕ ಕಣ ಬೇಕೆಂದು ಗ್ರಾಮ ಪಂಚಾಯತಿಯಲ್ಲಿ ಒತ್ತಾಯ ಮಾಡಬೇಕು. ರಸ್ತೆಯ ಸುಧಾರಣೆಯಲ್ಲಿ ಇದೂ ಒಂದು ಭಾಗವೇ.

ಎತ್ತಿನ ಗಾಡಿ, ಕಬ್ಬಿನ ಗಾಡಿ, ಟ್ರ್ಯಾಕ್ಟರಿನ ಟ್ರೈಲರುಗಳ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ, ಮುಂದೆ ಬಿಳಿ ಪಟ್ಟಿ ಅಂಟಿಸಬೇಕು. ಖರ್ಚು ಅಲ್ಪ. ಕೆಟ್ಟು ನಿಂತ ಟ್ರೈಲರನ್ನು ಕತ್ತಲಲ್ಲಿ ರಸ್ತೆಯ ಮೇಲೆ ಬಿಟ್ಟು ಮನೆಗೆ ಹೋಗಬಾರದು. ಕಾಲುದಾರಿ ಇಲ್ಲದ ಕಡೆ ನಡೆಯುವವರು ರಸ್ತೆಯ ಬಲ ಅಂಚಿನಲ್ಲಿ, ಎದುರಿಗೆ ಬರುವ ವಾಹನ ಕಾಣುವಂತೆ ನಡೆಯಬೇಕು. ಸೈಕಲ್ಲಿನವರು ಎಡ ಅಂಚಿನಲ್ಲಿ ಹೋಗಬೇಕು.

೮. ಎರಡು ಆಕ್ಷೇಪಣೆಗಳು

"ಎಲ್ಲರಿಗೂ ತಡವಾಗುತ್ತದೆ" ಎಂಬುದು ಮೊದಲನೆಯದು. ಊರು ೬೦೦ ಮೀಟರ್ ಉದ್ದವಿದೆಯೆನ್ನಿ. ೬೦ರ ವೇಗದಲ್ಲಿ ಅದನ್ನು ದಾಟಲು ೩೬ ಸೆಕೆಂಡು, ೩೦ರ ವೇಗದಲ್ಲಿ ೭೨ ಸೆಕೆಂಡು. ನಷ್ಟವಾದದ್ದು ೩೬ ಸೆಕೆಂಡು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಅಲ್ಲ. ಇದನ್ನು ಒಂದು ಜೀವದೊಡನೆ ತೂಗಿ ನೋಡಿ.

"ಅಂಗಡಿಯ ವ್ಯಾಪಾರ ಕೆಡುತ್ತದೆ" ಎಂಬುದು ಎರಡನೆಯದು. ೬೦ರ ವೇಗದಲ್ಲಿ ಹೋಗುವವನು ಅಂಗಡಿಯನ್ನು ನೋಡುವುದೂ ಇಲ್ಲ. ನಡೆದು ಬರುವವನು, ಸೈಕಲ್ಲಿನಲ್ಲಿ ಬರುವವನು ನಿಂತು ಕೊಳ್ಳುತ್ತಾನೆ. ಆದರೂ ಅಂಗಡಿಯ ತಗಡು ರಸ್ತೆಯ ಜಾಗಕ್ಕೆ ಚಾಚಿರುವವರಿಗೆ ಸ್ವಲ್ಪ ನಷ್ಟವಾಗುವುದು ನಿಜ. ಅವರನ್ನು ಬಯ್ದು ಪ್ರಯೋಜನವಿಲ್ಲ. ಮೊದಲೇ ಕೂಡಿಸಿಕೊಂಡು ಮಾತನಾಡಿ, ಪೆಟ್ಟಿಗೆ ಅಂಗಡಿಗೂ ಸಂತೆಯವರಿಗೂ ಬದಲಿ ಜಾಗ ತೋರಿಸಿ, ಆಮೇಲೆ ಗೆರೆ ಎಳೆಯಬೇಕು.

೯. ಕೆಲಸ ಮೊದಲು ಮಾಡುವ ಕ್ರಮ

ಮೊದಲನೆಯದಾಗಿ, ಎಣಿಕೆ. ಒಂದು ಸಂತೆಯ ದಿನ, ಒಂದು ಸಾಧಾರಣ ದಿನ ಗೊತ್ತುಮಾಡಿ, ಬೆಳಿಗ್ಗೆ ೭ರಿಂದ ೯, ಸಂಜೆ ೪ರಿಂದ ೬ರ ವರೆಗೆ ಎಷ್ಟು ಜನ ಎಲ್ಲಿ ದಾಟುತ್ತಾರೆ, ಎಷ್ಟು ಸೈಕಲ್ಲು ಹೋಗುತ್ತವೆ ಎಂದು ಯುವಕ ಸಂಘದವರೂ ಸ್ವಸಹಾಯ ಸಂಘದ ಮಹಿಳೆಯರೂ ಬರೆದಿಡಬೇಕು.

ಎರಡನೆಯದಾಗಿ, ವೇಗದ ಅಳತೆ. ರಸ್ತೆಯ ಪಕ್ಕದಲ್ಲಿ ೫೦ ಮೀಟರ್ ಅಳೆದು ಎರಡು ಕಡೆ ಸುಣ್ಣದ ಗುರುತು ಹಾಕಿ. ವಾಹನ ಮೊದಲ ಗುರುತಿನಿಂದ ಎರಡನೆಯ ಗುರುತಿಗೆ ೬ ಸೆಕೆಂಡಿನಲ್ಲಿ ಬಂದರೆ ವೇಗ ೩೦. ಮೂರು ಸೆಕೆಂಡಿನಲ್ಲಿ ಬಂದರೆ ೬೦. ಅಳೆಯುವವರು ರಸ್ತೆಯಿಂದ ದೂರದಲ್ಲಿ ನಿಲ್ಲಬೇಕು. ನೂರು ವಾಹನಗಳ ಲೆಕ್ಕ ಬರೆದರೆ ಯಾವ ಅಧಿಕಾರಿಯೂ ಅದನ್ನು ತಳ್ಳಿಹಾಕಲಾರ.

ಮೂರನೆಯದಾಗಿ, ನಕ್ಷೆ. ಹಿರಿಯರನ್ನು ಕೇಳಿ, ಹಿಂದಿನ ಐದು ವರ್ಷಗಳಲ್ಲಿ ಎಲ್ಲೆಲ್ಲಿ ಅಪಘಾತವಾಯಿತು, ಯಾವ ಹೊತ್ತಿನಲ್ಲಿ, ಯಾರಿಗೆ ಎಂಬುದನ್ನು ಗುರುತಿಸಬೇಕು. ಪೊಲೀಸ್ ಠಾಣೆಗೆ ಹೋಗದ ಸಣ್ಣ ಅಪಘಾತಗಳನ್ನೂ ಬಿಡಬಾರದು.

ನಾಲ್ಕನೆಯದಾಗಿ, ನಿರ್ಣಯ. ಇವನ್ನೆಲ್ಲ ವಾರ್ಡ್ ಸಭೆಯಲ್ಲಿ, ಗ್ರಾಮ ಸಭೆಯಲ್ಲಿ ಓದಿ ನಿರ್ಣಯ ಬರೆಸಬೇಕು. ಹೆಣ್ಣುಮಕ್ಕಳ ಮಾತನ್ನು ಮೊದಲು ಕೇಳಬೇಕು.  ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಗಳಾದರೆ ಲೋಕೋಪಯೋಗಿ ಇಲಾಖೆಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಅದರ ಅಧಿಕಾರಿಗಳಿಗೆ ನಕಲು ಕಳುಹಿಸಿ, ಇನ್ನೊಂದು ನಕಲನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಬೇಕು. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.

ಐದನೆಯದಾಗಿ, ಪರೀಕ್ಷೆ. ಹೊಸ ತಳಿಯನ್ನು ಮೊದಲು ತುಂಡು ಭೂಮಿಯಲ್ಲಿ ಬಿತ್ತಿ ನೋಡುವಂತೆ, ಇಲಾಖೆಯವರ ಮತ್ತು ಪೊಲೀಸರ ಒಪ್ಪಿಗೆಯಿಂದ ಬಣ್ಣದ ಗೆರೆ, ಹೊಳೆಯುವ ಪಟ್ಟಿಯ ಡ್ರಮ್ಮುಗಳನ್ನಿಟ್ಟು ಎರಡು ವಾರ ನೋಡಬಹುದು. ಮತ್ತೆ ವೇಗ ಅಳೆದು, ಇಳಿದಿದ್ದರೆ ಕಲ್ಲು ಕಟ್ಟಡ ಮಾಡಿಸುವುದು.

ಇದು ಯಾರ ದಯೆಯನ್ನೂ ಬೇಡುವ ಕೆಲಸವಲ್ಲ. ಮೋಟಾರು ವಾಹನ ಕಾಯಿದೆಗೆ ೨೦೧೯ರಲ್ಲಿ ಸೇರಿಸಿದ ೧೯೮–ಎ ಪ್ರಕರಣದ ಮೇರೆಗೆ, ರಸ್ತೆಯ ವಿನ್ಯಾಸ, ಕಟ್ಟಡ, ನಿರ್ವಹಣೆಯ ಹೊಣೆ ಹೊತ್ತವರು ಗೊತ್ತುಪಡಿಸಿದ ಸುರಕ್ಷತೆಯ ಮಟ್ಟವನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು. ಕಾಲುದಾರಿಯ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೆ ಸೇರಿದ್ದೆಂದು ಸುಪ್ರೀಂ ಕೋರ್ಟು ೨೦೨೫ರ ಮೇ ತಿಂಗಳಲ್ಲಿ ಹೇಳಿದೆ. ನಿಮ್ಮ ಅರ್ಜಿಯಲ್ಲಿ ಈ ಎರಡನ್ನೂ ಕಾಣಿಸಿ.

ಬಾಂಧವರೇ, ರಸ್ತೆ ಸರ್ಕಾರದ್ದಾದರೂ ಅದನ್ನು ದಾಟುವ ಮಕ್ಕಳು ನಮ್ಮವರು. ಓದಬಲ್ಲವರು ಈ ಪಾಠವನ್ನು ಅರಳಿಕಟ್ಟೆಯಲ್ಲಿ, ಡೈರಿಯ ಬಳಿ, ಸಂಘದ ಸಭೆಯಲ್ಲಿ ಉಳಿದವರಿಗೂ ಓದಿ ಹೇಳಿರಿ. ಮುಂದಿನ ಗ್ರಾಮ ಸಭೆಗೆ ಬರುವಾಗ ಕೈಯಲ್ಲಿ ಎಣಿಕೆಯ ಪಟ್ಟಿ ಇರಲಿ.

ಚರ್ಚೆಗೆ ಪ್ರಶ್ನೆಗಳು

೧. ನಿಮ್ಮ ಊರಿನಲ್ಲಿ ಮಕ್ಕಳು ರಸ್ತೆಯನ್ನು ಯಾವ ಜಾಗದಲ್ಲಿ ದಾಟುತ್ತಾರೆ? ಅಲ್ಲಿಂದ ಬರುವ ವಾಹನ ಎಷ್ಟು ದೂರದಿಂದ ಕಾಣುತ್ತದೆ?
೨. ೫೦ ಮೀಟರನ್ನು ಒಂದು ವಾಹನ ನಾಲ್ಕೂವರೆ ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಎಷ್ಟು? (ಉತ್ತರ: ಗಂಟೆಗೆ ೪೦ ಕಿಲೋಮೀಟರ್.)
೩. ನಿಮ್ಮ ಊರ ರಸ್ತೆಯ ಜಾಗವನ್ನು ಅಳೆಯಿರಿ. ಅದರಲ್ಲಿ ನಡೆಯುವವರಿಗೆ ಈಗ ಎಷ್ಟು ಪಾಲು ಇದೆ? ಎಷ್ಟು ಇರಬೇಕು?
೪. ಈ ಸುಗ್ಗಿಯಲ್ಲಿ ರಸ್ತೆಯ ಮೇಲೆ ಬೆಳೆ ಹಾಸದಿರಲು ಕಣದ ಜಾಗ ಎಲ್ಲಿ ಸಿಕ್ಕೀತು?